ಕೆಂಚನ ಜೋಡಿ ಕೋರೆ

ಬೆಕ್ಕಿನ ಮರಿಗೂ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತೆ ಅನ್ನೋದು ಬೆಕ್ಕು ಸಾಕಿದವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೊತ್ತಾಗೋದಾದರೂ ಹೇಗೆ? ಬಿದ್ದ ಹಲ್ಲನ್ನು ಅವು ಊಟದ ಜೊತೆಗೇ ನುಂಗಿಬಿಡುತ್ತವೆ. ನಮ್ಮ ಕೆಂಚನ ಹಲ್ಲು ನನ್ನ ಕೈಗೆ ಸಿಕ್ಕಿದ್ದಕ್ಕೆ ನಮ್ಮ ಮನೆಯ ನೆಲಕ್ಕೇ ಥ್ಯಾಂಕ್ಸ್ ಹೇಳಬೇಕು. ಹನುಮಂತನಗರದ ಹಳೇ ಬಾಡಿಗೆ ಮನೆ, ಹಾಲಿಗೆ ರೆಡ್ ಆಕ್ಸೈಡ್ ನೆಲ. ಭಾನುವಾರ ಬೆಳಗ್ಗೆ ಗುಡಿಸುತ್ತಿದ್ದಾಗ ಆ ಕೆಂಪಿನ ಮೇಲೆ ಒಂದು ಬಿಳೀ ಚೂರು ಕಾಣಿಸಿತು.

ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಅಕ್ಕಿಕಾಳಿಗಿಂತ ತೆಳ್ಳಗೆ, ಸ್ವಲ್ಪ ಬಾಗಿದೆ, ತುದಿ ಚುಚ್ಚುವಷ್ಟು ಚೂಪು. ಬುಡದಲ್ಲಿ ಬೇರೇ ಇಲ್ಲ, ಒಳಗೆ ಟೊಳ್ಳು. ಮುರಿದ ಹಲ್ಲು ಹಾಗಿರುವುದಿಲ್ಲ. ಹೊಸ ಹಲ್ಲು ಕೆಳಗಿಂದ ಮೇಲೆ ಬರುತ್ತಿದ್ದ ಹಾಗೆ ಹಾಲುಹಲ್ಲಿನ ಬೇರು ನಿಧಾನವಾಗಿ ಕರಗಿಹೋಗುತ್ತದೆ, ಆಮೇಲೆ ಮೇಲಿನ ಟೋಪಿ ಮಾತ್ರ ಕಳಚಿ ಬೀಳುತ್ತದೆ.

ಕೆಳಗಿನ ಮನೆ ಅಜ್ಜಿಗೆ ತೋರಿಸಿದರೆ, "ಸಗಣಿ ಉಂಡೆ ಒಳಗಿಟ್ಟು ಹಂಚಿನ ಮೇಲೆ ಎಸಿ, ಚೆನ್ನಾಗಿರೋ ಹಲ್ಲು ಬರುತ್ತೆ" ಅಂದರು. ನಮ್ಮ ಬೀದಿಯಲ್ಲಿ ಇವತ್ತಿಗೂ ಸಗಣಿಗೆ ಬರವಿಲ್ಲ. ಹಂಚಿನ ಮನೆ ಎಲ್ಲಿಂದ ತರೋದು?

ಅದಕ್ಕೂ ಮೊದಲಿನ ಕೆಲವು ವಾರ ಕೆಂಚ ಮನೆಯಲ್ಲಿ ಏನನ್ನೂ ಬಿಟ್ಟಿರಲಿಲ್ಲ. ಚಪ್ಪಲಿ ಪಟ್ಟಿ, ರಟ್ಟಿನ ಡಬ್ಬ, ಚಾರ್ಜರ್ ವೈರ್, ನನ್ನ ಹೆಬ್ಬೆರಳು, ಹೀಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದ್ದ. ಬೆಕ್ಕಿನ ಒಣ ಆಹಾರದ ಕಾಳನ್ನು ಬಾಯಿಗೆ ಹಾಕಿಕೊಂಡು, ತಲೆ ಓರೆ ಮಾಡಿ, ಒಂದೇ ಕಡೆಯಿಂದ ಅಗಿದು ಅರ್ಧ ಉದುರಿಸುತ್ತಿದ್ದ. ದಿಂಬಿನ ಮೇಲೆ ಒಂದೆರಡು ತಿಳಿಗೆಂಪು ಜೊಲ್ಲಿನ ಕಲೆ. ಇದೆಲ್ಲ ಮಾಮೂಲಿ. ಹುಟ್ಟಿ 2-3 ವಾರಕ್ಕೆ ಹಾಲುಹಲ್ಲು ಬರೋಕೆ ಶುರುವಾಗಿ ಎರಡು ತಿಂಗಳ ಹೊತ್ತಿಗೆ 26 ಬಂದಿರುತ್ತವೆ. ಮೂರೂವರೆ-ನಾಲ್ಕು ತಿಂಗಳಿಗೆ ಮುಂದಿನ ಪುಟಾಣಿ ಹಲ್ಲುಗಳು ಉದುರೋಕೆ ಶುರು, ಐದನೇ ತಿಂಗಳ ಆಸುಪಾಸಿನಲ್ಲಿ ಕೋರೆಹಲ್ಲು. ಆರೇಳು ತಿಂಗಳಿಗೆ ದೊಡ್ಡ ಬೆಕ್ಕಿನ 30 ಹಲ್ಲೂ ಬಂದು ಮುಗಿಯುತ್ತವೆ. ಜಾಸ್ತಿಯಾಗುವ ಆ ನಾಲ್ಕು ಹಲ್ಲು ಹಿಂದಿನ ದವಡೆಯವು, ಮರಿಗಳಿಗೆ ಅವು ಇರುವುದೇ ಇಲ್ಲ.

ಆಗ ನಾವು ಮಾಡಿದ್ದು ಇಷ್ಟೇ. ವೈರ್‌ಗಳನ್ನೆಲ್ಲ ಕಿತ್ತು ಡ್ರಾಯರ್‌ಗೆ ಹಾಕಿದೆವು, ಕರೆಂಟ್ ಇರುವ ವೈರ್ ಕಚ್ಚಿದರೆ ಅಲ್ಲಿಗೆ ಕತೆ ಮುಗೀತು. ಕಾಳಿಗೆ ಉಗುರುಬೆಚ್ಚಗಿನ ನೀರು ಹಾಕಿ ಮೆತ್ತಗೆ ಮಾಡಿ ಕೊಟ್ಟೆವು. ಒದ್ದೆ ಬಟ್ಟೆ ಗಂಟು ಕಟ್ಟಿ ಫ್ರಿಜ್‌ನಲ್ಲಿಟ್ಟು ಕೊಟ್ಟರೆ ಸ್ವಲ್ಪ ಹೊತ್ತು ಅದನ್ನೇ ಕಡಿಯುತ್ತಾ ಕೂತಿರುತ್ತಿದ್ದ. ನೋವಿರಬೇಕು ಪಾಪ ಅಂತ ಮಾತ್ರೆ ಕೊಡೋಕೆ ಮಾತ್ರ ದಯವಿಟ್ಟು ಹೋಗಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಅರಗಿಸಿಕೊಳ್ಳುವ ವ್ಯವಸ್ಥೆ ಅವುಗಳ ಲಿವರ್‌ನಲ್ಲಿ ಸರಿಯಾಗಿ ಇಲ್ಲ, ರಕ್ತದ ಕೆಂಪು ಕಣಗಳೇ ಹಾಳಾಗುತ್ತವೆ, ಒಂದೇ ಮಾತ್ರೆ ಜೀವ ತೆಗೆಯಬಹುದು. ಮಕ್ಕಳ ಒಸಡಿಗೆ ಹಚ್ಚುವ ಜೆಲ್ ಕೂಡ ಬೇಡ, ಕೆಲವದರಲ್ಲಿ ಬೆಂಜೊಕೇನ್ ಇರುತ್ತದೆ, ಅದೂ ಬೆಕ್ಕಿನ ರಕ್ತಕ್ಕೆ ಕೆಟ್ಟದ್ದು.

ಇನ್ನು ಆ ಭಾನುವಾರದ ಮಾತು. ಬಿದ್ದಿದ್ದು ಯಾವ ಹಲ್ಲು ಅಂತ ನೋಡೋಣ ಅಂತ ಕೆಂಚ ನಿದ್ದೆಗಣ್ಣಲ್ಲಿದ್ದಾಗ ತುಟಿ ಎತ್ತಿದೆ. ಬಲಗಡೆ ಮೇಲಿನ ಕೋರೆ ಬಿದ್ದು ಹೊಸದು ಇಣುಕುತ್ತಿತ್ತು. ಎಡಗಡೆ ಎತ್ತಿದರೆ ಅಲ್ಲಿ ಎರಡು ಕೋರೆ! ಮುಂದೆ ದಪ್ಪನೆಯ ಹೊಸದು, ಉದ್ದಕ್ಕೂ ಒಂದು ಸಣ್ಣ ಗೀರು ಇತ್ತು. ಅದರ ಬೆನ್ನಿಗೇ ಅಂಟಿಕೊಂಡು ಸೂಜಿಯಂಥ ಹಳೇದು, ಅಲ್ಲಾಡಿಸಿದರೂ ಜಗ್ಗುತ್ತಿಲ್ಲ.

ಅವತ್ತೇ ಸಂಜೆ ಬುಟ್ಟಿಗೆ ಹಾಕಿಕೊಂಡು ಆಟೋ ಹತ್ತಿ ಬಸವನಗುಡಿ ಕಡೆಯ ಒಂದು ಕ್ಲಿನಿಕ್‌ಗೆ ಹೋದೆವು. ದಾರಿಯುದ್ದಕ್ಕೂ ಕೆಂಚನ ಕೂಗಾಟ, ಆಟೋದವರು ಸಿಗ್ನಲ್‌ನಲ್ಲೆಲ್ಲ ತಿರುಗಿ ತಿರುಗಿ ನೋಡುತ್ತಿದ್ದರು. ಡಾಕ್ಟರಮ್ಮ ಅವನನ್ನು ಬೆನ್ನ ಕಡೆಯಿಂದ ಹಿಡಿದು, ಕೆನ್ನೆಯ ಎರಡೂ ಬದಿ ಹೆಬ್ಬೆರಳು-ತೋರುಬೆರಳು ಇಟ್ಟು, ಮೂತಿಯನ್ನು ಸ್ವಲ್ಪ ಮೇಲಕ್ಕೆ ವಾಲಿಸಿದರು. ಕೆಳದವಡೆ ತಾನಾಗಿಯೇ ಸಡಿಲವಾಯಿತು. ಎದುರಿಗೆ ಕೂತು ಬಾಯಿ ಬಿಡಿಸೋಕೆ ಹೋದರೆ ಕೈಗೆ ಬರುವುದು ಗಾಯ ಮಾತ್ರ.

ಕೆಲವು ದಿನ ಹಳೇದು ಹೊಸದು ಜೊತೆಗಿರುವುದು ಸಾಮಾನ್ಯವೇ, ಗಾಬರಿ ಬೇಡ ಅಂದರು. ಆದರೆ ಹೊಸದು ಪೂರ್ತಿ ಬೆಳೆದ ಮೇಲೂ ಹಳೇದು ಬೀಳದಿದ್ದರೆ ಬಿಡಬಾರದು. ಮಧ್ಯದ ಸಂದಿಯಲ್ಲಿ ಊಟ, ಕೂದಲು ಸಿಕ್ಕಿಕೊಂಡು ಒಸಡು ಕೊಳೆಯುತ್ತದೆ, ಹೊಸ ಹಲ್ಲು ಓರೆಯಾಗಿ ಎಲ್ಲೆಲ್ಲೋ ಹೋಗಿ ಚುಚ್ಚುತ್ತದೆ. ಹೇಗೂ ಸಂತಾನಹರಣ ಆಪರೇಷನ್ ಮಾಡಿಸಬೇಕಲ್ವಾ, ಅಷ್ಟರಲ್ಲಿ ಬೀಳದಿದ್ದರೆ ಅದೇ ಅರಿವಳಿಕೆಯಲ್ಲಿ ಕಿತ್ತರಾಯಿತು ಅಂತ ತೀರ್ಮಾನ. ನೀವಾಗಿ ಅಲ್ಲಾಡಿಸಿ ಕೀಳಬೇಡಿ, ಬೇರು ಉದ್ದ, ಮುರಿದು ಒಳಗೇ ಉಳಿಯುತ್ತೆ ಅಂತ ಎರಡು ಸಲ ಹೇಳಿದರು. ನನ್ನ ಮುಖ ನೋಡಿಯೇ ಹೇಳಿದ್ದಿರಬೇಕು.

ಹೊರಗೆ ಕಾಯುವಾಗ ಪಕ್ಕದಲ್ಲಿ ಒಬ್ಬರು ವಯಸ್ಸಾದ ಬೂದು ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಬಾಯಿಂದ ಜೊಲ್ಲು, ಹತ್ತಿರ ಹೋದರೆ ವಾಸನೆ. ತಟ್ಟೆ ಹತ್ತಿರ ಆಸೆಯಿಂದ ಓಡಿಬಂದು, ಒಂದು ತುತ್ತು ಕಚ್ಚಿದ್ದೇ ಕಿರುಚಿ ಓಡಿಹೋಗುತ್ತದಂತೆ. ಅದರ ಹಲ್ಲುಗಳು ಕರಗುತ್ತಿವೆಯಂತೆ. ಆಮೇಲೆ ಡಾಕ್ಟರಮ್ಮನನ್ನೇ ಕೇಳಿದೆ. ಹಾಲುಹಲ್ಲಿನ ಬೇರನ್ನು ಕರಗಿಸಿ ಜಾಗ ಮಾಡಿಕೊಡುವ ಜೀವಕೋಶಗಳೇ ದೊಡ್ಡ ಬೆಕ್ಕಿನಲ್ಲಿ ಮತ್ತೆ ಎದ್ದು, ಇರಬೇಕಾದ ಹಲ್ಲನ್ನೂ ತಿನ್ನೋಕೆ ಶುರುಮಾಡುತ್ತವೆ ಅಂದರು. ಮರಿಯಲ್ಲಿ ಆದರೆ ಬೆಳವಣಿಗೆ, ದೊಡ್ಡದರಲ್ಲಿ ಆದರೆ ಕಾಯಿಲೆ. ಕಾರಣ ಇನ್ನೂ ಪೂರ್ತಿ ತಿಳಿದಿಲ್ಲ, ತಡೆಯುವ ಔಷಧಿಯೂ ಇಲ್ಲ. ಎಕ್ಸ್‌ರೇ ತೆಗೆದು, ಹಾಳಾದ ಹಲ್ಲನ್ನು ತೆಗೆಯುವುದೊಂದೇ ದಾರಿ. ಹಲ್ಲಿಲ್ಲದೆಯೂ ಬೆಕ್ಕು ಚೆನ್ನಾಗಿಯೇ ತಿಂದುಕೊಂಡಿರುತ್ತೆ, ನೋವಿನ ಹಲ್ಲು ಇಟ್ಟುಕೊಂಡೇ ಬದುಕೋದು ಕಷ್ಟ ಅಂದರು. ಬೆಕ್ಕು ನೋವನ್ನು ತೋರಿಸಿಕೊಳ್ಳುವ ಪ್ರಾಣಿ ಅಲ್ಲ, ಹಾಗಾಗಿ ನಾವೇ ತುಟಿ ಎತ್ತಿ ನೋಡುತ್ತಿರಬೇಕು.

ಕೆಂಚನ ಹಳೇ ಕೋರೆ ಬೀಳಲೇ ಇಲ್ಲ. ಆಪರೇಷನ್ ದಿನ ಕಿತ್ತು ಸಣ್ಣ ಕವರಿನಲ್ಲಿ ಹಾಕಿ ಕೊಟ್ಟರು. ಒಸಡಿನ ಒಳಗಿದ್ದ ಭಾಗ ಹೊರಗೆ ಕಾಣುತ್ತಿದ್ದ ಭಾಗಕ್ಕಿಂತ ಉದ್ದವಿತ್ತು! ಮಗಳು ಅದನ್ನು ಸ್ಕೂಲಿಗೆ ಒಯ್ದು ಕ್ಲಾಸಿಗೆಲ್ಲ ತೋರಿಸಿ ಬಂದಳು.

ಈಗ ರಾತ್ರಿ ಊಟವಾದ ಮೇಲೆ ಬೆರಳಿಗೆ ಗಾಜ್ ಬಟ್ಟೆ ಸುತ್ತಿ, ಬೆಕ್ಕಿನ ಪೇಸ್ಟ್ ಹಚ್ಚಿ ಹಲ್ಲಿನ ಹೊರಮೈ ಉಜ್ಜುತ್ತೇನೆ. ಒಳಮೈಯನ್ನು ಅವನ ಒರಟು ನಾಲಿಗೆಯೇ ಸುಮಾರಾಗಿ ನೋಡಿಕೊಳ್ಳುತ್ತದೆ. ನಮ್ಮ ಪೇಸ್ಟ್ ಆಗಲ್ಲ, ಉಗಿಯೋಕೆ ಬರದ ಪ್ರಾಣಿ ಫ್ಲೋರೈಡನ್ನೆಲ್ಲ ನುಂಗುತ್ತೆ. ಕೋಳಿ ರುಚಿಯ ಪೇಸ್ಟ್ ಅಂತ ಅವನೂ ಮೊದಲು ನೆಕ್ಕುತ್ತಾನೆ, ಆಮೇಲೆ ಉಜ್ಜೋಕೆ ಹೊರಟ ಕೂಡಲೇ ಸೋಫಾ ಕೆಳಗೆ. ಮೊನ್ನೆ ಟಾರ್ಚ್ ಹಿಡಿದು ಎಣಿಸೋಕೆ ಕೂತೆ. ಮೇಲಿನ ಕಟ್ಟಕಡೆಯ ದವಡೆಹಲ್ಲು ಎಷ್ಟು ಚಿಕ್ಕದೆಂದರೆ ಅದನ್ನು ಹುಡುಕುವಷ್ಟರಲ್ಲಿ ಲೆಕ್ಕ ತಪ್ಪಿ, ಕೆಂಚನೂ ಎದ್ದು ಹೋಗಿದ್ದ.