ಕೀಲ್ ನಿಂತಿತು, ಸರ್ವೋಗೆ ನಿವೃತ್ತಿ

ಕೊನೆಗೂ ನನ್ನ ಮಾಡೆಲ್ ಹಾಯಿದೋಣಿಯ ಕೀಲ್ (ದೋಣಿ ಮಗುಚದ ಹಾಗೆ ತಳದಿಂದ ಕೆಳಗೆ ಇಳಿಬಿಟ್ಟ ಭಾರದ ರೆಕ್ಕೆ) ಹೇಳಿದ ಮಾತು ಕೇಳಿತು. ಹಲ್ (ದೋಣಿಯ ಒಡಲು), ಡೆಕ್, ಮಾಸ್ಟ್ (ಹಾಯಿಕಂಬ) ಕಥೆ ಈ ಸಲ ಬೇಡ, ಅದೆಲ್ಲ ಹಳಬರಿಗೆ ಗೊತ್ತಿರುವುದೇ.

ಹೊಸಬರಿಗೆ ಎರಡು ಮಾತು. ಇದು ವೋಲ್ವೋ ಓಶನ್ 65 ದೋಣಿಯ 1:20 ಮಾಡೆಲ್. 2014-15ರ ವೋಲ್ವೋ ಓಶನ್ ರೇಸಿನಲ್ಲಿ (ಭೂಮಿ ಸುತ್ತುವ ಹಾಯಿದೋಣಿ ಪಂದ್ಯ) ಎಲ್ಲ ತಂಡಗಳೂ ಓಡಿಸಿದ್ದು ಈ ಒಂದೇ ವಿನ್ಯಾಸವನ್ನು. ಅಸಲಿ ಹಲ್ 20.37 ಮೀಟರ್, ನನ್ನದು ಒಂದು ಮೀಟರಿಗಿಂತ ಚೂರು ಜಾಸ್ತಿ. ಅಸಲಿಯಲ್ಲಿ ಹೈಡ್ರಾಲಿಕ್ಸ್ ಕೀಲನ್ನು ಎರಡೂ ಕಡೆಗೆ 40 ಡಿಗ್ರಿ ಓರೆ ಮಾಡುತ್ತದೆ. ಇಲ್ಲಿ ಆ ಕೆಲಸವನ್ನು ಒಂದು ಬಡಪಾಯಿ ಸರ್ವೋಗೆ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರ್) ಕೊಟ್ಟಿದ್ದೆ, ಡಬ್ಬಿ ಮೇಲೆ '20 ಕೆಜಿ-ಸೆಂಮೀ' (ಅಂದರೆ ಅಕ್ಷದಿಂದ ಒಂದು ಸೆಂಮೀ ದೂರದಲ್ಲಿ 20 ಕೆಜಿ ಎತ್ತುವಷ್ಟು ತಿರುಗುಬಲ) ಅಂತ ದಪ್ಪಕ್ಷರದಲ್ಲಿ ಬರೆದಿತ್ತಲ್ಲ, ಅದಕ್ಕೆ.

ಬೆಂಚಿನ ಮೇಲೆ ಎಲ್ಲ ಸರಿ. ಬಲ್ಬ್, ಅಂದರೆ ಕೀಲಿನ ತುದಿಯ ಭಾರದ ಗುಂಡು, 900 ಗ್ರಾಂ, ಕೀಲ್ ತಿರುಗುವ ಪಿವಟ್‌ನಿಂದ 24 ಸೆಂಮೀ ಕೆಳಗೆ. 40 ಡಿಗ್ರಿಗೆ ಸುಮಾರು 14 ಕೆಜಿ-ಸೆಂಮೀ ಭಾರ ಬೀಳುತ್ತದೆ. ನೀರಿಗಿಳಿದ ಮೇಲೆ ಶುರುವಾಯಿತು ರಗಳೆ. ಗಾಳಿಗೆ ದೋಣಿ 25 ಡಿಗ್ರಿ ಆ ಕಡೆ ವಾಲುತ್ತದೆ, ಕೀಲ್ 40 ಡಿಗ್ರಿ ಈ ಕಡೆ ಇರುತ್ತದೆ, ಅಂದರೆ ನೆಟ್ಟಗಿನ ಗೆರೆಯಿಂದ 65 ಡಿಗ್ರಿ. ಭಾರ ಹತ್ತಿರ ಹತ್ತಿರ 20! ಸರ್ವೋ ಕುಂಯ್ ಕುಂಯ್ ಅಂತ ಅತ್ತು, ಬಿಸಿಯಾಗಿ, ಕೈ ಎತ್ತಿಬಿಟ್ಟಿತು. ಡಬ್ಬಿ ಮೇಲಿನ ಅಂಕಿ ಒಂದು ಕ್ಷಣದ ಗರಿಷ್ಠ ಬಲ, ಹಿಡಿದು ನಿಲ್ಲುವ ಬಲ ಅಲ್ಲ. ಮಾರುವವರು ಅದನ್ನು ಯಾಕೆ ಹೇಳುತ್ತಾರೆ, ಅಲ್ವಾ?

ಪರಿಹಾರ ಲೀಡ್ ಸ್ಕ್ರೂ, ಅಂದರೆ ಮೋಟಾರ್ ತಿರುಗಿಸಿದಾಗ ತನ್ನ ಮೇಲಿನ ನಟ್ಟನ್ನು ಸರಿಸುವ ಉದ್ದ ಸ್ಕ್ರೂ. ಕೀಲಿನ ತಲೆ ಪಿವಟ್‌ಗಿಂತ 4 ಸೆಂಮೀ ಮೇಲಿದೆ, ಅದನ್ನು ಸ್ಕ್ರೂ ನಟ್ಟು ತಳ್ಳುತ್ತದೆ. ನಾನು ಕೇಳಿದ್ದು ಒಂದು ಸುತ್ತಿಗೆ 2 ಮಿಮೀ ಸರಿಯುವ ಸ್ಕ್ರೂ. ಅಂಗಡಿಯವರು ಕಳಿಸಿದ್ದು 8 ಮಿಮೀ ಸರಿಯುವುದು. ನೋಡೋಕೆ ಎರಡೂ ಒಂದೇ ಥರ. ಆದರೆ ಅಷ್ಟು ಇಳಿಜಾರಿನ ಎಳೆಯಲ್ಲಿ ಕೀಲಿನ ಭಾರವೇ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸುತ್ತದೆ, ನಟ್ಟು ಜಾರುಬಂಡಿ ಆಡಿದ ಹಾಗೆ ಇಳಿದುಬಂತು. ವಾಪಸ್ ಕಳಿಸಿದರೆ ಉತ್ತರ: 'ಸರ್, ಇದು ಇನ್ನೂ ಫಾಸ್ಟ್ ಇದೆ.' ಹಲ್ಲು ಕಚ್ಚಿಕೊಂಡು ಬೇರೆ ಕಡೆ ತರಿಸಿದೆ. 2 ಮಿಮೀ ಸ್ಕ್ರೂ ಹಾಕಿದೆ, ಮೋಟಾರ್ ಆಫ್ ಮಾಡಿದೆ, ಬಲ್ಬನ್ನು ಬೆರಳಲ್ಲಿ ಒತ್ತಿದೆ. ಕದಲಲಿಲ್ಲ. ಕರೆಂಟೂ ಉಳಿಯಿತು.

ಸಮಸ್ಯೆ ಒಂದೇ, ಈಗ ನಿಧಾನ. ಈ ಕೊನೆಯಿಂದ ಆ ಕೊನೆಗೆ 5 ಸೆಂಮೀ, ನಿಮಿಷಕ್ಕೆ 100 ಸುತ್ತಿನ ಮೋಟಾರಿಗೆ 15 ಸೆಕೆಂಡ್. ಟ್ಯಾಕ್ ಮಾಡುವ (ಗಾಳಿ ಇನ್ನೊಂದು ಪಕ್ಕದಿಂದ ಬೀಳುವ ಹಾಗೆ ದೋಣಿ ತಿರುಗಿಸುವ) ಮೊದಲೇ ಬಟನ್ ಒತ್ತಬೇಕು. ಅಸಲಿ ದೋಣಿಯವರ ಪಾಡಿಗೆ ಹೋಲಿಸಿದರೆ ಇದೇನೂ ಅಲ್ಲ ಬಿಡಿ. ಅಲ್ಲಿ ಟ್ಯಾಕ್ ಅಂದರೆ ನಾಲ್ಕು ಗಂಟೆ ಪಾಳಿ ಮುಗಿಸಿ ಆಗಷ್ಟೇ ಮಲಗಿದವರನ್ನೂ ಎಬ್ಬಿಸಬೇಕು. ಒದ್ದೆ ಹಾಯಿ, ಊಟದ ಚೀಲ, ಬಿಡಿಭಾಗ, ಎಲ್ಲವನ್ನೂ ಗಾಳಿ ಬರುವ ಕಡೆಗೆ ಹೊತ್ತು ಹಾಕಬೇಕು. ಆಮೇಲೆ ಹಾಸಿಗೆಯ ಹಗ್ಗ ಎಳೆದು ವಾಲಿಕೆಗೆ ತಕ್ಕ ಹಾಗೆ ಎತ್ತರಿಸಿಕೊಳ್ಳಬೇಕು. ಅದೂ ಸ್ವಂತ ಹಾಸಿಗೆಯಲ್ಲ, ಒಬ್ಬ ಎದ್ದರೆ ಇನ್ನೊಬ್ಬನಿಗೆ.

ಅದನ್ನೇ ಮುಂದೆ ಮಾಡೋಣ ಅಂತಿದ್ದೇನೆ, ಈ ದೋಣಿ ಮುಗಿಯದಿದ್ದರೂ! ಒಂದು ಪಕ್ಕ ತೆರೆದ ಒಳಾಂಗಣ, ದೊಡ್ಡ ಅಳತೆಯಲ್ಲಿ. ಹಗ್ಗದ ಹಾಸಿಗೆ ನಿಜವಾಗಿ ಏರಿಳಿಯಬೇಕು, ಗಿಂಬಲ್ (ತೂಗಾಡುವ ಚೌಕಟ್ಟು) ಮೇಲಿನ ಒಲೆ ಎಷ್ಟು ವಾಲಿಸಿದರೂ ನೆಟ್ಟಗಿರಬೇಕು. ಒಲೆಗೆ ಪುಟ್ಟ ಬೇರಿಂಗ್ ಬೇಕು. ಆರ್ಡರ್ ಮಾಡುವಾಗ ಫೋಟೊ ಮೇಲೆ ಬಾಣ ಹಾಕಿ, ಅಳತೆಯನ್ನು ಮೂರು ಸಲ ಬರೆದು ಕಳಿಸುತ್ತೇನೆ.