ಕಲ್ಲುರ್ಟಿಯ ನುಡಿ

ನಮ್ಮ ತುಳುನಾಡಿನ ಹಲವು ದೈವಗಳು ಒಂದು ಕಾಲದಲ್ಲಿ ಮನುಷ್ಯರೇ. ಕೋಟಿ ಚೆನ್ನಯರು, ಕೊರಗಜ್ಜ, ಕಲ್ಕುಡ, ಕಲ್ಲುರ್ಟಿ. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ. ಅದನ್ನು ಕೆತ್ತಿದವನು ಕಲ್ಕುಡ ಅನ್ನುತ್ತದೆ ಪಾಡ್ದನ, ಅಂದರೆ ದೈವದ ಕಥೆ ಹೇಳುವ ತುಳು ಹಾಡು. ಅಂಥ ಮೂರ್ತಿ ಇನ್ನೆಲ್ಲೂ ಆಗಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ತಂಗಿ ಕಲ್ಲುರ್ಟಿ ಸುಮ್ಮನಿರಲಿಲ್ಲ. ಇಬ್ಬರೂ ಮಾಯವಾಗಿ ದೈವಗಳಾದರು.

ಹಾಗಾಗಿ ಕೋಲದಲ್ಲಿ, ಅಂದರೆ ದೈವ ಕಟ್ಟಿದವರ ಮೈಮೇಲೆ ದೈವ ಬರುವ ಆರಾಧನೆಯಲ್ಲಿ, ಮಾತಾಡುವುದು ಅನ್ಯಾಯ ಉಂಡು ಹೋದವರು ಅಂತಲೇ ನನ್ನ ನಂಬಿಕೆ. ನೊಂದವರಿಗೆ ನೋವು ಬೇಗ ಕಾಣುತ್ತದೆ ಅಲ್ವಾ?

ಅಪ್ಪ ತೀರಿಕೊಂಡ ಮೇಲೆ ಅಣ್ಣ, ಚಿಕ್ಕಪ್ಪ ಮಾತು ಬಿಟ್ಟಿದ್ದರು. ಅಡಿಕೆ ತೋಟದ ಗಡಿಯ ತಕರಾರು. ಮನೆಯ ಕಲ್ಲುರ್ಟಿ ಕೋಲದಲ್ಲಿ ಎಣ್ಣೆ ಬೂಳ್ಯ (ದೈವ ಕಟ್ಟುವವರಿಗೆ ಎಣ್ಣೆ, ವೀಳ್ಯ ಕೊಡುವುದು), ಪಾಡ್ದನ, ಗಗ್ಗರ (ಕಾಲಿಗೆ ಗೆಜ್ಜೆಯಂಥ ಬಳೆ ಕಟ್ಟುವುದು) ಎಲ್ಲ ಮುಗಿದು ದೈವ ನುಡಿ ಕೊಡಲು ನಿಂತಿತು. ಇಬ್ಬರನ್ನೂ ಎದುರಿಗೆ ಕರೆಯಿತು. "ಹೋದವನ ಮನಸ್ಸು ಈ ಅಂಗಳದಲ್ಲೇ ಉಂಟು. ಅವನು ನೆಟ್ಟ ಮರಗಳ ನಡುವೆ ಬೇಲಿ ಹಾಕಿದರೆ ಅವನು ಯಾವ ಕಡೆ ನಿಲ್ಲಬೇಕು?" ಎಂದು ತುಳುವಿನಲ್ಲಿ ಕೇಳಿತು. ಚಿಕ್ಕಪ್ಪ ಅತ್ತುಬಿಟ್ಟರು.

ಊರಿನ ಸುದ್ದಿ ದೈವ ಕಟ್ಟುವವರಿಗೆ ಗೊತ್ತಿರುತ್ತದೆ ಎಂದು ಗೆಳತಿ ಹೇಳಿದಳು. ಗೊತ್ತಿರಲಿ. ಅಷ್ಟು ಜನರ ಮುಂದೆ ಅಪ್ಪನ ಪರವಾಗಿ ಆ ಪ್ರಶ್ನೆ ಕೇಳುವ ಅಧಿಕಾರ ನಮ್ಮಲ್ಲಿ ಇನ್ಯಾರಿಗಿತ್ತು? ಅದು ಅಪ್ಪನದೇ ಮಾತು, ನನಗೆ ಸಂಶಯವಿಲ್ಲ.

ಗಡಿ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಮುಂದಿನ ಕೋಲದ ಖರ್ಚು ಇಬ್ಬರೂ ಸೇರಿ ನೋಡಿಕೊಳ್ಳುತ್ತಾರಂತೆ.