ಮಳೆ ಪುಟಕ್ಕೆ ಸ್ಟೈಲೆಕ್ಸ್ ಹಾಕಿದ ಕಥೆ

ನಮ್ಮ ಆಲ್ದೂರು ಕಡೆ ಮಳೆಗಾಲದಲ್ಲಿ ಫೋನ್ ಎತ್ತಿದರೆ ಮೊದಲ ಮಾತೇ "ಎಷ್ಟು ಬಂತು?" ಉತ್ತರ ಇಂಚು, ಸೆಂಟ್ ಲೆಕ್ಕದಲ್ಲಿ. ನೂರು ಸೆಂಟ್ ಸೇರಿದರೆ ಒಂದು ಇಂಚು. ಅಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ಡೈರಿಯಲ್ಲಿ 1.35 ಅಂತ ಬರೆಯುತ್ತಾರೆ. ಆ ಡೈರಿ ನೋಡಿಯೇ ನಾನು ನೆಕ್ಸ್ಟ್ ಜೆಎಸ್ ಅನ್ನುವ ವೆಬ್‌ಸೈಟ್ ಕಟ್ಟುವ ಸಾಧನದಲ್ಲಿ ಒಂದು ಪುಟ ಮಾಡಿದ್ದು. ಈಗ ಅಕ್ಕಪಕ್ಕದ 14 ತೋಟದವರು ಅದರಲ್ಲೇ ಮಳೆ ಬರೆಯುತ್ತಾರೆ.

ತಲೆನೋವು ಶುರುವಾಗಿದ್ದು 'ಉಳಿಸಿ' ಅನ್ನುವ ಬಟನ್‌ನಿಂದ. ನೇರವಾಗಿ ಫಾರಂ ತೆರೆದರೆ ಬಟನ್ ಹಸಿರು. ಪಟ್ಟಿಯಿಂದ ಒಳಗೆ ಬಂದರೆ ಬೂದು! ನಾನೇ ಮಾಡಿಕೊಂಡ ಎಡವಟ್ಟು ಅದು. ಪುಟದ ಬಣ್ಣ, ಅಂಚು ಹೇಳುವ ಎರಡು ಸಿಎಸ್ಎಸ್ ಫೈಲಿನಲ್ಲಿ ಒಂದೇ ತೂಕದ ನಿಯಮ ಬರೆದಿದ್ದೆ. ಯಾವ ಫೈಲು ಕೊನೆಗೆ ಬಂತೋ ಅದರ ಬಣ್ಣ ಗೆಲ್ಲುತ್ತಿತ್ತು. ಇದೇ ಗೆಲ್ಲಲಿ ಅಂತ ಹೇಳುವ 'ಇಂಪಾರ್ಟೆಂಟ್' ಅನ್ನು ಒಂದು ಕಡೆ ಸೇರಿಸಿದೆ. ಅದನ್ನು ಸೋಲಿಸೋಕೆ ಇನ್ನೊಂದು ಕಡೆ. ಐದನೇದಕ್ಕೆ ನಾಚಿಕೆ ಆಯ್ತು.

ಆಗ ಸ್ಟೈಲೆಕ್ಸ್ ನೆನಪಾಯಿತು. ಮೆಟಾದವರು 2023ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ, ಪುಟದ ಸ್ಟೈಲ್ ಬರೆಯುವ ಸಾಧನ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ವೆಬ್ ಪುಟಗಳ ಸ್ಟೈಲ್ ಅದರಲ್ಲೇ ನಡೆಯುತ್ತದೆ. 14 ತೋಟಕ್ಕೆ ಇದು ಬೇಕಾ ಅಂತ ನೀವು ಕೇಳಬಹುದು. ನನಗೆ ಬೇಕಿದ್ದಿದ್ದು ಅದರ ಒಂದೇ ಒಂದು ಗುಣ: ಎರಡು ಸ್ಟೈಲ್ ಒಟ್ಟಿಗೆ ಕೊಟ್ಟರೆ ಕೊನೆಗೆ ಕೊಟ್ಟಿದ್ದು ಗೆಲ್ಲುತ್ತದೆ. ಫೈಲು ಯಾವಾಗ ಬಂತು ಅನ್ನುವ ಮಾತೇ ಇಲ್ಲ.

ಸ್ಟೈಲನ್ನು ಜಾವಾಸ್ಕ್ರಿಪ್ಟ್ ಒಳಗೇ ಬರೆಯುತ್ತೀರಿ. ಬಿಲ್ಡ್ ಆಗುವಾಗ, ಅಂದರೆ ಕೋಡಿನಿಂದ ಪುಟ ತಯಾರಾಗುವಾಗ, ಅದು ಪ್ರತಿ ಸಾಲನ್ನೂ ಕಿತ್ತು ಒಂದೊಂದು ಪುಟ್ಟ ಕ್ಲಾಸ್, ಅಂದರೆ ಹೆಸರಿಟ್ಟ ಸ್ಟೈಲ್, ಮಾಡುತ್ತದೆ. ಅದೇ ಹಸಿರು ನೂರು ಕಡೆ ಇದ್ದರೂ ಕ್ಲಾಸ್ ಒಂದೇ. ಸ್ಟೈಲ್ಡ್ ಕಾಂಪೊನೆಂಟ್ಸ್, ಎಮೋಷನ್ ಥರದ ಹಳೆಯ ಸಾಧನಗಳು ಈ ಕೆಲಸವನ್ನು ಬ್ರೌಸರ್‌ನಲ್ಲಿ ಮಾಡುತ್ತಿದ್ದವು. ಅಂದರೆ ಗಿರಾಕಿಗೆ ಕಾಫಿ ಬೀಜದ ಜೊತೆ ಗ್ರೈಂಡರ್ ಕೂಡ ಕಳಿಸಿದ ಹಾಗೆ. ಇಲ್ಲಿ ಪುಡಿ ಊರಲ್ಲೇ ಆಗುತ್ತದೆ. ಒಂದು ಕಡ್ಡಿ ಸಿಗ್ನಲ್ ಇರುವ ಫೋನಿಗೆ ಪುಡಿ ಕಳಿಸಿದರೆ ಸಾಕಲ್ವಾ?

ಬರೆಯೋದು ಸುಲಭ, ಸೇರಿಸೋದೇ ಕಷ್ಟ. ನೆಕ್ಸ್ಟ್ ಜೆಎಸ್ 12ನೇ ಆವೃತ್ತಿಯಿಂದ, ಅಂದರೆ 2021ರಿಂದ, ರಸ್ಟ್‌ನಲ್ಲಿ ಬರೆದ ಎಸ್‌ಡಬ್ಲ್ಯುಸಿ ಕಂಪೈಲರ್ ಬಳಸುತ್ತದೆ. ನಾವು ಬರೆದ ಕೋಡನ್ನು ಬ್ರೌಸರ್‌ಗೆ ತಕ್ಕ ಹಾಗೆ ಬದಲಿಸೋದು ಅದೇ. ಸ್ಟೈಲೆಕ್ಸ್‌ನವರು ಕೊಡುವ ಪ್ಲಗಿನ್ ಬೇಬಲ್ ಅನ್ನುವ ಇನ್ನೊಂದು ಕಂಪೈಲರ್‌ನದು. ಬೇಬಲ್ ಕಾನ್ಫಿಗ್ ಫೈಲು ಇಟ್ಟ ಕೂಡಲೇ ನೆಕ್ಸ್ಟ್ ಎಸ್‌ಡಬ್ಲ್ಯುಸಿಯನ್ನು ಬಿಟ್ಟು ಬೇಬಲ್ ಹಿಡಿಯಿತು. ಬಿಲ್ಡ್ ಸ್ವಲ್ಪ ನಿಧಾನ ಆದರೆ ಆಗಲಿ ಅಂದುಕೊಂಡೆ. ಆದರೆ ಬಿಲ್ಡೇ ನಿಂತಿತು. ಪುಟಕ್ಕೆ ಫಾಂಟ್ ತರುವ 'ನೆಕ್ಸ್ಟ್ ಫಾಂಟ್'ಗೆ ಎಸ್‌ಡಬ್ಲ್ಯುಸಿ ಇರಲೇಬೇಕಂತೆ. ನನ್ನ ಕನ್ನಡ ಅಕ್ಷರಗಳೆಲ್ಲ, ನೋಟೋ ಸ್ಯಾನ್ಸ್ ಕನ್ನಡ, ಅದರ ಮೂಲಕವೇ ಬರುತ್ತಿದ್ದವು.

ಅಷ್ಟು ಹೊತ್ತಿಗೆ ಕರೆಂಟ್ ಹೋಯಿತು. ಜುಲೈ ಅಲ್ವಾ, ಮಾಮೂಲಿ. ಕತ್ತಲಲ್ಲಿ ಕೂತು ಯೋಚಿಸಿದೆ. ಸ್ಟೈಲೆಕ್ಸ್‌ಗೆ ಹೊರಗಿನವರು ಬರೆದ ರಸ್ಟ್ ಪ್ಲಗಿನ್ ಕೂಡ ಇದೆ, ಅದನ್ನು ಹಾಕಬಹುದು. ಇಲ್ಲಾಂದ್ರೆ ಫಾಂಟನ್ನು ಕೈಯಾರೆ ಹಾಕಬೇಕು. ನಾನು ಎರಡನೇದನ್ನು ಆರಿಸಿದೆ. ಒಂದು ಫಾಂಟ್ ಫೈಲು, ಸಿಎಸ್ಎಸ್‌ನಲ್ಲಿ ಆರು ಸಾಲು. ಯೂನಿಕೋಡ್ ವ್ಯಾಪ್ತಿ, ಅಂದರೆ ಈ ಫಾಂಟ್ ಯಾವ ಅಕ್ಷರ ಸಂಖ್ಯೆಗಳಿಗೆ ಅಂತ, ಬರೆಯುವಾಗ ಮಾತ್ರ ಹುಷಾರು. ಕನ್ನಡಕ್ಕೆ 0ಸಿ80ರಿಂದ 0ಸಿಎಫ್ಎಫ್ ಅಂತ ಬರೆದು ಕೈತೊಳೆದುಕೊಳ್ಳಬೇಡಿ. 'ಗೇಜ್‌ನಲ್ಲಿ' ಅಂತ ಒತ್ತು ಬಿಡಿಸಿ ಬರೆಯೋಕೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು. ಅದೂ ಅದರ ಜೋಡಿಯೂ 200ಸಿ, 200ಡಿಯಲ್ಲಿ ಕೂತಿವೆ. ಗೂಗಲ್ ಫಾಂಟ್ಸ್ ತನ್ನ ಕನ್ನಡ ಪಟ್ಟಿಯಲ್ಲಿ ಅವೆರಡನ್ನೂ ಸೇರಿಸಿಯೇ ಇಟ್ಟಿದೆ.

ಮರುದಿನ ಬಿಲ್ಡ್ ಆಯಿತು. ಮುಖಪುಟ ಚೆಂದ. ಫಾರಂ ಮಾತ್ರ ಬೋಳು, ಬಣ್ಣ ಇಲ್ಲ, ಅಂಚಿಲ್ಲ. ಕ್ಲಾಸ್ ಹೆಸರುಗಳು ಎಚ್‌ಟಿಎಂಎಲ್‌ನಲ್ಲಿ ಸಾಲಾಗಿ ನಿಂತಿವೆ, ಅವುಗಳ ಸಿಎಸ್ಎಸ್ ಮಾತ್ರ ಎಲ್ಲೂ ಇಲ್ಲ. ಒಂದು ಗಂಟೆ ಹುಡುಕಿದೆ. ಆ ಸಿಎಸ್ಎಸ್ ಒಟ್ಟು ಮಾಡುವ ಪೋಸ್ಟ್‌ಸಿಎಸ್ಎಸ್ ಪ್ಲಗಿನ್‌ಗೆ ಯಾವ ಫೋಲ್ಡರ್ ನೋಡಬೇಕು ಅಂತ ನಾನೇ ಹೇಳಬೇಕಿತ್ತು. ನಾನು 'ಆ್ಯಪ್' ಬರೆದಿದ್ದೆ, 'ಕಾಂಪೊನೆಂಟ್ಸ್' ಮರೆತಿದ್ದೆ. ಸುಮ್ನೆ ಒಂದು ಗಂಟೆ ದಂಡ.

ಇನ್ನೊಂದು. ಕೊನೇದು ಗೆಲ್ಲುತ್ತದೆ ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಮೊದಲು 'ಮಾರ್ಜಿನ್ ಟಾಪ್' (ಮೇಲೆ ಬಿಡುವ ಜಾಗ) ಕೊಟ್ಟು ಆಮೇಲೆ ಬರೀ 'ಮಾರ್ಜಿನ್' (ನಾಲ್ಕೂ ಕಡೆ ಬಿಡುವ ಜಾಗ) ಕೊಟ್ಟರೆ ಮೇಲಿನ ಅಂಚಿನಲ್ಲಿ ಗೆಲ್ಲೋದು 'ಮಾರ್ಜಿನ್ ಟಾಪ್'. ಜಾಸ್ತಿ ನಿಖರವಾಗಿ ಹೇಳಿದ್ದಕ್ಕೆ ಜಾಸ್ತಿ ಬೆಲೆ. ಮೊದಲು ಸಿಟ್ಟು ಬಂತು, ಈಗ ಒಗ್ಗಿಹೋಗಿದೆ.

ಎಲ್ಲ ಸೇರಿ ಮೂರು ಸಂಜೆ ಹಿಡಿಯಿತು. ಅದರಲ್ಲಿ ಒಂದೂವರೆ ಸಂಜೆ ಬರೀ ಫಾಂಟಿಗೆ. ಐದು 'ಇಂಪಾರ್ಟೆಂಟ್'ಗಳನ್ನೂ ಅಳಿಸಿದೆ. ಈಗ ಬಟನ್ ಎಲ್ಲಿಂದ ಬಂದರೂ ಹಸಿರು.

ಮೊನ್ನೆ ಪಕ್ಕದ ತೋಟದವರು ಫೋನ್ ಮಾಡಿದರು. ಬಟನ್ ಬಗ್ಗೆ ಹೇಳುತ್ತಾರೇನೋ ಅಂತ ಕಾದೆ. "ನಿನ್ನೆ ಮಳೆ ಬರೆಯೋದು ಮರೆತೆ ಮಾರಾಯ, ಎರಡು ಇಂಚು ಬಂದಿತ್ತು. ಹಿಂದಿನ ತಾರೀಖು ಹಾಕೋಕೆ ಆಗ್ತಾ ಇಲ್ವಲ್ಲ?" ಅಂದರು. ಈ ವಾರ ಅದೇ ಕೆಲಸ.